ಯಜಮಾನರು ಊರಲ್ಲಿಲ್ಲದಾಗ ಮೀನಿಗೆ ಉಣಿಸುವವರು ಯಾರು?

ಬೇಸಗೆಯ ರಜೆ ಬಂದಿದೆ. ಮುಂಬಯಿಯಲ್ಲಿರುವ ಮಗಳ ಮನೆಗೋ, ಕಾಶಿ-ರಾಮೇಶ್ವರಗಳ ಯಾತ್ರೆಗೋ ತಾವು ಹೊರಟಿದ್ದೀರಿ ಎನ್ನಿ. ಪೆಟ್ಟಿಗೆ ಕಟ್ಟಿಯಾಯಿತು. ಹಾಲಿನವನಿಗೂ ಪತ್ರಿಕೆಯವನಿಗೂ ಒಂದು ತಿಂಗಳು ಬೇಡವೆಂದು ಹೇಳಿಯಾಯಿತು. ತುಳಸಿಗೆ ನೀರೆರೆಯಲು ನೆರೆಮನೆಯವರು ಒಪ್ಪಿದರು. ರೇಡಿಯೋದ ಪ್ಲಗ್ಗನ್ನು ಕಳಚಿಟ್ಟದ್ದೂ ಆಯಿತು. ಇನ್ನೇನು ಬಾಗಿಲಿಗೆ ಬೀಗ ಹಾಕಬೇಕು ಎನ್ನುವಾಗ ಮನೆಯ ಚಿಕ್ಕವನು ಹಜಾರದ ಗಾಜಿನ ತೊಟ್ಟಿಯ ಮುಂದೆ ನಿಂತು ಕೇಳುತ್ತಾನೆ: “ಅಜ್ಜಾ, ಮೀನಿಗೆ ಊಟ ಯಾರು ಹಾಕ್ತಾರೆ?”

ಪ್ರಶ್ನೆ ಮಗುವಿನದು, ಆದರೆ ಉತ್ತರ ಅಷ್ಟು ಸುಲಭದ್ದಲ್ಲ. ಅನೇಕರು ಆ ಗಳಿಗೆಯಲ್ಲಿ ಮಾಡುವುದು ಎರಡರಲ್ಲಿ ಒಂದು. ಹೋಗುವ ಮುನ್ನ ಎರಡು ಹಿಡಿ ಆಹಾರವನ್ನು ಒಮ್ಮೆಗೇ ಸುರಿದು “ಒಂದು ವಾರಕ್ಕೆ ಸಾಕು” ಎಂದು ಸಮಾಧಾನಪಡುವುದು ಒಂದು. ಆಹಾರದ ಡಬ್ಬಿಯನ್ನೇ ನೆರೆಮನೆಯ ಹುಡುಗನ ಕೈಗೆ ಕೊಟ್ಟುಬಿಡುವುದು ಇನ್ನೊಂದು. ಎರಡರ ಫಲವೂ ಬಹುಮಟ್ಟಿಗೆ ಒಂದೇ. ಹಿಂದಿರುಗಿ ಬಂದಾಗ ನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. “ಪಾಪ, ಹಸಿದು ಸತ್ತಿತು” ಎಂದು ನಾವು ಮರುಗುತ್ತೇವೆ. ಅದು ಹಸಿದು ಸತ್ತದ್ದಲ್ಲ, ನಾವು ಉಣಿಸಿದ್ದರಿಂದ ಸತ್ತದ್ದು ಎಂಬುದು ನಮಗೆ ತೋಚುವುದೇ ಇಲ್ಲ.

ಈ ಮಾತು ಒಗಟಿನಂತೆ ಕೇಳಿಸಬಹುದು. ಇದನ್ನು ಬಿಡಿಸಲು ನಾವು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ಎಂಬ ಮೂರು ತಾಲ್ಲೂಕುಗಳ ಅಳಿವೆ, ಗದ್ದೆ, ಬಾವಿಗಳು ಇದಕ್ಕೆ ಬಹುಕಾಲದಿಂದ ಉತ್ತರವನ್ನು ಹೇಳುತ್ತಲೇ ಬಂದಿವೆ.

ಈ ಮೂರೂ ಊರುಗಳಿಗೆ ಪ್ರವಾಸ ಹೊಸದೇನೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಅಲ್ಲಿಯವರ ಬದುಕು ಕಡಲ ವ್ಯಾಪಾರವನ್ನು ನಂಬಿಕೊಂಡಿದೆ ಎಂದು ಬರೆದಿಟ್ಟಿದ್ದಾನೆ. ವಿಜಯನಗರದ ಕಾಲದಲ್ಲಿ ಭಟ್ಕಳದ ರೇವಿನಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದವು, ಅಕ್ಕಿ-ಸಕ್ಕರೆಗಳು ಹಡಗು ಹತ್ತುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ರೇವಿನ ಗದ್ದಲ ಹೇಳತೀರದಷ್ಟಾಗಿತ್ತು. 1970ರ ದಶಕದಿಂದ ಭಟ್ಕಳದ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಮುಂಬಯಿ ಒಂದು ರಾತ್ರಿಯ ಹಾದಿಯಾಯಿತು.

ಇವೆಲ್ಲ ಏಕೆ ಹೇಳಿದೆನೆಂದರೆ, ‘ಮನೆಯವರು ದೂರ ಹೋದಾಗ ಮನೆಯ ಜೀವಗಳ ಗತಿ ಏನು?’ ಎಂಬ ಚಿಂತೆ ಈ ತೀರದಲ್ಲಿ ಹಳೆಯ ಚಿಂತೆ. ದನಕ್ಕೆ ಹುಲ್ಲು ಹಾಕಲು ಆಳು ಬೇಕು. ನಾಯಿಗೆ ಅನ್ನ ಹಾಕಲು ನೆರೆಯವರು ಬೇಕು. ಮೀನಿಗೆ?

ಮೀನಿಗೆ ಉಣಿಸುವ ವಿದ್ಯೆಯನ್ನು ವಿವರವಾಗಿ ಬರೆದಿಟ್ಟವರಲ್ಲಿ ನಮ್ಮ ಕನ್ನಡ ನಾಡಿನ ಅರಸನೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬುದೊಂದು ಭಾಗವಿದೆ. ಹುರುಪೆಯುಳ್ಳವು, ಹುರುಪೆಯಿಲ್ಲದವು, ಹೊಳೆಯವು, ಕಡಲವು, ದೊಡ್ಡವು, ಚಿಕ್ಕವು ಎಂದು ಮೀನುಗಳನ್ನು ಅಲ್ಲಿ ವಿಂಗಡಿಸಿದೆ. ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆ ಪ್ರಿಯ, ಅದನ್ನು ನೀರಿನ ಯಾವ ತಾಣದಲ್ಲಿ ಹಾಕಿ ಮೀನನ್ನು ರೂಢಿಗೆ ತರಬೇಕು ಎಂಬ ವಿವರಗಳೂ ಇವೆ. ಭಾರತದ ಮೀನುಗಳ ಅಧ್ಯಯನದಲ್ಲಿ ಹೆಸರಾದ ಡಾ. ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಸೋಮೇಶ್ವರ ಭೂಪತಿ ಮೀನಿಗೆ ಅಷ್ಟು ಆದರದಿಂದ ಉಣಿಸಿದ್ದು ಕೊನೆಗೆ ಗಾಳ ಹಾಕಿ ಹಿಡಿಯುವುದಕ್ಕೆ. ಕೈಯಿಂದ ಬೀಳುವ ತುತ್ತನ್ನು ಮೀನು ನಂಬಲಿ ಎಂಬುದೇ ಅಲ್ಲಿಯ ಉದ್ದೇಶ. ಮೀನಿನ ಹಸಿವು ಅಲ್ಲಿ ಎರಡನೆಯ ಮಾತು. ಉಣಿಸುವವನ ವಿನೋದವೇ ಮೊದಲಿನದು. ಸೂಕ್ಷ್ಮವಾಗಿ ನೋಡಿದರೆ ನಮ್ಮ ಹಜಾರದಲ್ಲಿ ನಡೆಯುವುದೂ ಅದೇ ಅಲ್ಲವೇ? ಗಾಜಿನ ಬಳಿಗೆ ಹೋದೊಡನೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ನಮಗೆ ಹಿಗ್ಗಾಗುತ್ತದೆ, ಇನ್ನೊಂದು ಚಿಟಿಕೆ ಉದುರಿಸುತ್ತೇವೆ.

ಶೃಂಗೇರಿಯ ತುಂಗೆಯ ಸೋಪಾನದಲ್ಲಿ ನಿಂತು ಮೀನುಗಳಿಗೆ ಮಂಡಕ್ಕಿ ಎಸೆದ ನೆನಪು ನಿಮ್ಮಲ್ಲಿ ಅನೇಕರಿಗೆ ಇರಬಹುದು. ಅಲ್ಲಿ ಪ್ರಸಂಗ ತಿರುಗಿದೆ ನೋಡಿ: ಮನೆಯಲ್ಲಿರುವುದು ಮೀನು, ಪ್ರವಾಸದಲ್ಲಿರುವುದು ಉಣಿಸುವ ಕೈ. ಆಷಾಢ-ಶ್ರಾವಣಗಳಲ್ಲಿ ತುಂಗೆ ಕೆಂಪಾಗಿ ತುಂಬಿ ಮೆಟ್ಟಿಲುಗಳನ್ನು ಮುಳುಗಿಸಿ ಹರಿಯುವಾಗ ಮಂಡಕ್ಕಿ ಎಸೆಯುವವರು ಯಾರು? ಆದರೂ ಮಳೆ ನಿಂತು ನೀರು ತಿಳಿಯಾದಾಗ ಮೀನುಗಳು ಅಲ್ಲೇ ಇರುತ್ತವೆ. ಭಕ್ತರ ಮಂಡಕ್ಕಿ ಅವುಗಳಿಗೆ ಉಪಾಹಾರ. ಊಟವನ್ನು ಹೊಳೆಯೇ ಇಕ್ಕುತ್ತದೆ.

ಈ ಮಾತನ್ನು ಹೊಳೆಯಿಂದ ಗದ್ದೆಗೆ ತಂದು, ಅದನ್ನೇ ಒಂದು ಬೇಸಾಯವಾಗಿ ಮಾಡಿದವರು ಕುಮಟೆಯ ರೈತರು. ಇನ್ನು ಅಲ್ಲಿಗೆ ಹೋಗೋಣ.

ಅಘನಾಶಿನಿ ನದಿ ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುತ್ತದೆ. ಅದರ ಅಳಿವೆಯ ಎರಡೂ ಮಗ್ಗುಲಲ್ಲಿ, ಭರತದಲ್ಲಿ ಉಪ್ಪುನೀರು ಏರಿ ಬರುವ ತಗ್ಗು ನೆಲಕ್ಕೆ ‘ಗಜನಿ’ ಎನ್ನುತ್ತಾರೆ. ಈ ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿ, ಒಡ್ಡಿನಲ್ಲಿ ಅಲ್ಲಲ್ಲಿ ಮರದ ಹಲಗೆಯ ತೂಬಿನ ಬಾಗಿಲುಗಳನ್ನು ಇಟ್ಟಿರುತ್ತಾರೆ. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ‘ಕಗ್ಗ’ ಎಂಬ ಭತ್ತವನ್ನು ಬಿತ್ತುತ್ತಾರೆ. ಇದು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ದೀಪಾವಳಿಯ ಸುಮಾರಿಗೆ ಕೊಯ್ಲು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಉದ್ದನೆಯ ದಂಟನ್ನು ನೀರಿನಲ್ಲೇ ಬಿಟ್ಟುಬಿಡುತ್ತಾರೆ.

ಮೀನಿನ ಕಥೆ ಆರಂಭವಾಗುವುದು ಈ ಬಿಟ್ಟ ದಂಟಿನಿಂದ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದರೆ, ಭರತದ ನೀರಿನೊಡನೆ ಮೀನಿನ ಮರಿ, ಏಡಿ, ಸಿಗಡಿ — ಇಲ್ಲಿಯವರ ಬಾಯಲ್ಲಿ ಶೆಟ್ಲಿ — ಗಜನಿಯೊಳಕ್ಕೆ ಬರುತ್ತವೆ. ನೀರಿನಲ್ಲಿ ಕೊಳೆಯುವ ದಂಟಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಹಬ್ಬುತ್ತವೆ; ಪಾಚಿ ಕಟ್ಟುತ್ತದೆ; ಸಣ್ಣ ಹುಳುಗಳು ಸೇರುತ್ತವೆ. ಮರಿಗಳಿಗೆ ಅದೇ ಮೃಷ್ಟಾನ್ನ. ನೀರಹಕ್ಕಿಗಳು ಬಂದಿಳಿದು ತಮ್ಮ ಪಾಲು ತಿಂದು, ಹಿಕ್ಕೆಯ ರೂಪದಲ್ಲಿ ನೆಲಕ್ಕೆ ಗೊಬ್ಬರ ಕೊಟ್ಟು ಹೋಗುತ್ತವೆ. ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ: ಕಡಲು ತಾನೇ ಬಂದು ಹೊಸ ನೀರು ಬಡಿಸಿ, ಕೊಳೆಯನ್ನು ಎತ್ತಿಕೊಂಡು ಹೋಗುತ್ತದೆ. ಅಮಾವಾಸ್ಯೆ-ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ತೂಬಿಗೆ ಬಲೆ ಕಟ್ಟಿದರೆ, ಬೆಳೆದ ಮೀನು ಹೊರಹೋಗುವ ನೀರಿನೊಡನೆ ಬಂದು ಬಲೆಗೆ ಬೀಳುತ್ತದೆ. ಬೇಸಗೆ ಕಳೆಯುವ ತನಕ ಹೀಗೇ. ಮತ್ತೆ ಮಳೆ ಬಂದರೆ ಮತ್ತೆ ಕಗ್ಗ.

ಈ ಬೇಸಾಯದಲ್ಲಿ ಮನುಷ್ಯ ಮೀನಿಗೆ ಒಂದು ಹಿಡಿ ಆಹಾರವನ್ನೂ ಹಾಕುವುದಿಲ್ಲ. ಹಾಗಾದರೆ ಅವನಿಗೆ ಕೆಲಸವಿಲ್ಲವೇ? ಇದೆ, ಬೇಕಾದಷ್ಟಿದೆ. ಒಡ್ಡು ಒಡೆಯದಂತೆ ನೋಡಬೇಕು. ಏಡಿ ಕೊರೆದ ತೂತನ್ನು ಕಂಡೊಡನೆ ಮುಚ್ಚಬೇಕು. ತಿಥಿ ನೋಡಿ ಬಾಗಿಲು ತೆರೆಯಬೇಕು, ತಿಥಿ ನೋಡಿ ಇಕ್ಕಬೇಕು. ಅವನು ಮೀನನ್ನು ಕಾಯುವುದಿಲ್ಲ, ನೀರನ್ನು ಕಾಯುತ್ತಾನೆ. ನೀರು ಸರಿಯಿದ್ದರೆ ಮೀನು ತನ್ನ ಅನ್ನವನ್ನು ತಾನೇ ಹುಡುಕಿಕೊಳ್ಳುತ್ತದೆ.

ಕಾಲದ ಹೊಂದಿಕೆಯನ್ನೂ ಗಮನಿಸಿ. ಹಾಯಿ ಹಡಗುಗಳ ದಿನಗಳಲ್ಲಿ ಮಳೆಗಾಲಕ್ಕೆ ರೇವುಗಳು ಮುಚ್ಚುತ್ತಿದ್ದವು. ಮಳೆ ಮುಗಿದ ಮೇಲೆ ಕಡಲು ತೆರೆದು ಮುಂದಿನ ಮುಂಗಾರಿನವರೆಗೆ ಜನ ದೂರ ಹೋಗುತ್ತಿದ್ದರು. ಗಜನಿಯಲ್ಲಿ ಭತ್ತಕ್ಕೆ ಕೈಯಾಳು ಬೇಕಾದದ್ದು ಮಳೆಗಾಲದಲ್ಲಿ. ಮೀನು ಬೆಳೆಯುತ್ತಿದ್ದದ್ದು ಕಡಲು ತೆರೆದಿರುವ ತಿಂಗಳುಗಳಲ್ಲಿ. ಊರಿನಲ್ಲಿ ಜನ ಕಡಿಮೆಯಾದ ಹೊತ್ತಿಗೆ, ಉಣಿಸುವ ಕೈ ಬೇಡದ ಬೆಳೆ ಗದ್ದೆಯಲ್ಲಿರುತ್ತಿತ್ತು.

ಕುಮಟೆಯ ರೈತರು ವಿಸ್ತಾರವಾದ ಗದ್ದೆಯಲ್ಲಿ ಕಂಡುಕೊಂಡದ್ದನ್ನು ಲಂಡನ್ನಿನ ಒಬ್ಬ ರಸಾಯನಶಾಸ್ತ್ರಜ್ಞ ಒಂದು ಗಾಜಿನ ಪಾತ್ರೆಯಲ್ಲಿ ಕಂಡುಕೊಂಡ. ನಮ್ಮ ಹಜಾರದ ತೊಟ್ಟಿಯ ವಂಶಾವಳಿ ಅವನಿಂದಲೇ ಮೊದಲಾಗುವುದರಿಂದ ಅವನ ಕಥೆಯನ್ನೂ ಕೇಳಬೇಕು. ಅವನ ಹೆಸರು ರಾಬರ್ಟ್ ವಾರಿಂಗ್ಟನ್. 1849-50ರಲ್ಲಿ ಅವನು ಗಾಜಿನ ದೊಡ್ಡ ಪಾತ್ರೆಯೊಂದರಲ್ಲಿ ನೀರು ತುಂಬಿ, ತಳಕ್ಕೆ ಮಣ್ಣು-ಮರಳು ಹಾಸಿ, ವ್ಯಾಲಿಸ್ನೇರಿಯ ಎಂಬ ನೀರಗಿಡವನ್ನು ನೆಟ್ಟು, ಎರಡು ಚಿನ್ನದ ಮೀನುಗಳನ್ನು ಬಿಟ್ಟ. ಗಿಡವು ಬೆಳಕಿನಲ್ಲಿ ಪ್ರಾಣವಾಯುವನ್ನು ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ. ಹೀಗಾಗಿ ನೀರನ್ನು ಮತ್ತೆಮತ್ತೆ ಬದಲಿಸುವ ಕಷ್ಟವಿಲ್ಲ ಎಂಬುದು ಅವನ ಎಣಿಕೆ. ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತು, ನೀರು ಕಲಕಿ, ಗಾಜಿಗೆ ಹಸಿರು ಲೋಳೆ ಕಟ್ಟಿ, ಮೀನಿಗೆ ಸಂಕಟವಾಯಿತು. ವಾರಿಂಗ್ಟನ್ ಆಗ ಕೆರೆಯ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿಮಾಡಿದವು. ಅಷ್ಟೇ ಅಲ್ಲ, ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು.

ಗಜನಿಯ ದಂಟು ಮಾಡಿದ ಕೆಲಸವನ್ನೇ ಇಲ್ಲಿ ಗಿಡದ ಎಲೆ ಮಾಡಿತು. ಕಣ್ಣಿಗೆ ಕಾಣದ ಜೀವಿಗಳು ಮಾಡಿದ್ದನ್ನು ಬಸವನಹುಳು ಮಾಡಿತು. ಕಡಲಿನ ಭರತ-ಇಳಿತ ಒಂದು ಮಾತ್ರ ಇರಲಿಲ್ಲ. ಮುಂದೆ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬಾತ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರೂ ಗಾಜಿನ ತೊಟ್ಟಿಯ ಹವ್ಯಾಸವೂ ಮನೆಮನೆಗೆ ಹರಡಿದವು. ನಮ್ಮ ದೇಶದಲ್ಲಿ 1909ರಲ್ಲಿ ಮದರಾಸಿನ ಕಡಲತೀರದಲ್ಲಿಯೂ 1951ರಲ್ಲಿ ಮುಂಬಯಿಯಲ್ಲಿಯೂ ಮತ್ಸ್ಯಾಲಯಗಳಾದವು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯವನ್ನು ನೋಡಿ ಬೆರಗಾಗಿ, ಊರಿಗೆ ಮರಳುವಾಗ ಒಂದು ಗಾಜಿನ ಬುರುಡೆಯನ್ನು ಕೊಂಡುತಂದವರು ನಮ್ಮ ಕರಾವಳಿಯಲ್ಲಿ ಇರದಿರಲಾರರು.

ಗಾಜಿನ ತೊಟ್ಟಿ ಬರುವ ಮೊದಲೂ ನಮ್ಮ ಮನೆಗಳಲ್ಲಿ ಮೀನಿಗೆ ಒಂದು ತಾಣವಿತ್ತು. ಅದು ಹಿತ್ತಿಲ ಬಾವಿ. ನೀರು ಶುದ್ಧವಾಗಿರಲಿ, ಹುಳು ಆಗದಿರಲಿ ಎಂದು ಬಾವಿಗೆ ನಾಲ್ಕು ಮೀನು ಬಿಡುವ ರೂಢಿ ಕರಾವಳಿಯಲ್ಲಿದೆ. ಆ ಮೀನಿಗೆ ಯಾರೂ ಅನ್ನ ಹಾಕುವುದಿಲ್ಲ. ಹೊನ್ನಾವರ-ಭಟ್ಕಳಗಳ ಎಷ್ಟೋ ಮನೆಗಳಿಗೆ ವರ್ಷಗಟ್ಟಲೆ ಬೀಗ ಬಿದ್ದದ್ದುಂಟು. ಮನೆಯವರು ಮರಳಿ ಬಂದು ಬಾವಿಯಲ್ಲಿ ಇಣುಕಿದಾಗ, ಕೆಳಗೆ ಕಪ್ಪು ನೀರಿನಲ್ಲಿ ಒಂದು ಬೆಳ್ಳಿಯ ಮಿಂಚು ಸರಿದಾಡಿದರೆ ಅಚ್ಚರಿಯಿಲ್ಲ. ಸೊಳ್ಳೆಯ ಮರಿ, ಬಿದ್ದ ಇರುವೆ, ಗೋಡೆಯ ಪಾಚಿ ಇವಿಷ್ಟೇ ಅದರ ಜೀವನಾಧಾರ.

ಈ ಹಳೆಯ ಅನುಭವವನ್ನು ಸರಕಾರಗಳೂ ಕೈಗೆತ್ತಿಕೊಂಡವು. ಘಟ್ಟದ ಕೆಳಗೂ ಮೇಲೂ ಮಲೇರಿಯಾ ಹಳ್ಳಿಗಳನ್ನು ಬರಿದುಮಾಡುತ್ತಿದ್ದ ಕಾಲವದು. ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ನಿವಾರಣೆಗೆ ದುಡಿದ ಡಾ. ಬಿ. ಎ. ರಾವ್ ಅವರು 1928ರಲ್ಲಿ ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು ಇಟಲಿಯಿಂದ ಬೆಂಗಳೂರಿಗೆ ತರಿಸಿದರು. ಅಲ್ಲಿಂದ ಅದು ದೇಶದ ನಾನಾ ಕಡೆಗೆ ಹೋಯಿತು. ಕಾಲಕ್ರಮದಲ್ಲಿ ಇದರ ಇನ್ನೊಂದು ಮುಖವೂ ಕಂಡಿತು: ಕೆರೆ-ಹೊಳೆಗಳಿಗೆ ಸೇರಿದ ಗ್ಯಾಂಬೂಸಿಯಾ ನಮ್ಮ ನಾಡಮೀನುಗಳ ಮೊಟ್ಟೆ-ಮರಿಗಳನ್ನೂ ಕಪ್ಪೆಯ ಮರಿಗಳನ್ನೂ ತಿಂದುಹಾಕುತ್ತದೆ. ಊರಿಗೆ ಹೊರಟವರು “ಪಾಪ, ಬದುಕಿಕೊಳ್ಳಲಿ” ಎಂದು ತೊಟ್ಟಿಯ ಮೀನನ್ನು ಹಳ್ಳಕ್ಕೆ ಬಿಡುವುದುಂಟು. ಪರದೇಶದ ಮೀನಿಗೆ ತೋರುವ ಆ ಕರುಣೆ ನಮ್ಮ ಹಳ್ಳದ ಮೀನಿಗೆ ಮೃತ್ಯುವಾದೀತು. ಆ ಕೆಲಸವನ್ನು ಎಂದೂ ಮಾಡಬೇಡಿ.

ಮತ್ತೆ ಕುಮಟೆಯ ಗಜನಿಗೆ ಬರೋಣ. ಕಥೆಯ ನೋವಿನ ಭಾಗ ಇನ್ನೂ ಉಳಿದಿದೆ.

ಮಣ್ಣಿನ ಒಡ್ಡು ವರ್ಷವರ್ಷವೂ ದುರಸ್ತಿ ಬೇಡುವಂಥದು. ಊರವರೆಲ್ಲ ಕೂಡಿ ಮಾಡಬೇಕಾದ ಕೆಲಸ. ಉತ್ತರ ಕನ್ನಡವು ಮುಂಬಯಿ ಪ್ರಾಂತದಲ್ಲಿದ್ದಾಗ, 1948ರಲ್ಲಿ, ಇಂಥ ಉಪ್ಪುನೆಲಗಳ ರಕ್ಷಣೆಗೆಂದೇ ಖಾರಲ್ಯಾಂಡ್ ಕಾಯಿದೆ ಬಂದಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಅದು ನ್ಯಾಯವೇ. ಎಪ್ಪತ್ತರ ದಶಕದಲ್ಲಿ ಸರಕಾರ ಕಲ್ಲಿನ ಗಟ್ಟಿ ಒಡ್ಡುಗಳನ್ನೂ ಕಟ್ಟಿಸಿತು. ಅದೂ ಒಳ್ಳೆಯ ಉದ್ದೇಶದಿಂದಲೇ. ಆದರೆ ಊರು ಕೂಡಿ ಒಡ್ಡು ಕಾಯುವ ಅಭ್ಯಾಸ ಹೊಸ ವ್ಯವಸ್ಥೆಯಲ್ಲಿ ಸಡಿಲವಾಯಿತು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂತು. ಭತ್ತಕ್ಕಿಂತ ಗುತ್ತಿಗೆಯ ಹಣ ಸುಲಭವೆನಿಸಿತು. ಗದ್ದೆಯನ್ನು ಸಿಗಡಿಯವರಿಗೆ ಗುತ್ತಿಗೆಗೆ ಕೊಟ್ಟು ಪೇಟೆಯ ಕೆಲಸಕ್ಕೆ ಹೋದವರು ಹಲವರು. ಯಜಮಾನರು ದೀರ್ಘ ಪ್ರವಾಸಕ್ಕೆ ಹೊರಟಂತೆಯೇ ಆಯಿತು.

ಆಮೇಲೆ ನಡೆದದ್ದನ್ನು ನೋಡಿ. ಕಗ್ಗ ಬಿತ್ತದಿದ್ದರೆ ದಂಟಿಲ್ಲ. ದಂಟಿಲ್ಲದಿದ್ದರೆ ಮರಿಗಳಿಗೆ ತಾನಾಗಿ ಬರುವ ಊಟವಿಲ್ಲ. ಅದರ ಬದಲಿಗೆ ಗುಳಿಗೆಯ ಆಹಾರ ಬಂತು. ಕಡಲೊಡನೆ ಬರುವ ಮರಿಯ ಬದಲು ಹೊರಗಿನಿಂದ ಕೊಂಡುತಂದ ಮರಿಯನ್ನು ಒತ್ತೊತ್ತಾಗಿ ಬಿಟ್ಟು, ದಿನಕ್ಕೆ ಹಲವು ಬಾರಿ ಉಣಿಸುವ ಸಿಗಡಿ ಹೊಂಡಗಳು 1990ರ ದಶಕದಲ್ಲಿ ಭಾರತದ ತೀರದುದ್ದಕ್ಕೂ ಎದ್ದವು. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆಯಿತು. 1994-95ರ ಸುಮಾರಿಗೆ ಬಿಳಿಚುಕ್ಕೆ ರೋಗದ ವೈರಸ್ ಬಂದಾಗ, ಒತ್ತಾಗಿ ತುಂಬಿದ್ದ ಹೊಂಡಗಳಲ್ಲಿ ಅದು ಕಾಡುಗಿಚ್ಚಿನಂತೆ ಹಬ್ಬಿತು. ಸಾಲ ಮಾಡಿ ಹಣ ಹಾಕಿದವರು ಕೈಸುಟ್ಟುಕೊಂಡರು. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ನಿಯಂತ್ರಣ ವಲಯದಲ್ಲಿ ಸಿಗಡಿ ಉದ್ಯಮದ ಹೊಂಡಗಳು ಕೂಡದೆಂದು ತೀರ್ಪು ಕೊಟ್ಟಿತು. ಸಾಂಪ್ರದಾಯಿಕ ರೀತಿಯ ಸಾಕಣೆಗೆ ಮಾತ್ರ ವಿನಾಯಿತಿ ಉಳಿಯಿತು. ಗಜನಿಯ ಹಳೆಯ ಪದ್ಧತಿಯ ಬೆಲೆ, ಅದು ಕೈಬಿಟ್ಟುಹೋಗುತ್ತಿರುವಾಗ ನಾಡಿಗೆ ತಿಳಿಯಿತು.

ಪಕ್ಕದ ಹೊನ್ನಾವರದಲ್ಲಿ ಆದದ್ದು ಬೇರೆ ಬಗೆಯದು. ಅಲ್ಲಿ ಕೆಟ್ಟದ್ದು ಊಟದ ಲೆಕ್ಕವಲ್ಲ, ನೀರಿನ ಲೆಕ್ಕ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಯಿತು. ನಾಡಿಗೆ ಬೆಳಕು ಬಂತು. ನಮ್ಮ ರೇಡಿಯೋಗಳಿಗೂ ಬಂತು. ಅದನ್ನು ಮರೆತು ಮಾತಾಡುವುದು ಕೃತಘ್ನತೆಯಾದೀತು. ಆದರೆ ವಿದ್ಯುದಾಗಾರಗಳಿಂದ ವರ್ಷದ ಹನ್ನೆರಡು ತಿಂಗಳೂ ಸಿಹಿನೀರು ಇಳಿದುಬಂದು, ಬೇಸಗೆಯಲ್ಲಿ ಉಪ್ಪಾಗಬೇಕಾಗಿದ್ದ ಅಳಿವೆಯಲ್ಲಿ ಉಪ್ಪು ತಗ್ಗಿತು. ಬಳಚಿನಂಥ ಉಪ್ಪುನೀರಿನ ಜೀವಿಗಳು ಹಿಂದೆ ಸರಿದವು. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯಲ್ಲಿ ಬಳಚು ಉಳಿಯಿತು. ಅದನ್ನು ಆರಿಸಿ ಬದುಕುವ ಸಂಸಾರಗಳೂ ಉಳಿದವು. ಎರಡು ಅಳಿವೆಗಳ ನಡುವಿನ ದೂರ ಒಂದು ಗಳಿಗೆಯ ಬಸ್ಸಿನ ಹಾದಿ. ನೀರಿನ ಉಪ್ಪು-ಸಿಹಿಗಳ ಕಾಲಮಾನ ತಪ್ಪಿದರೆ ಎಷ್ಟು ಅಂತರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಕಥೆ ದುಃಖದಲ್ಲೇ ಮುಗಿದಿಲ್ಲ. ಕುಮಟಾ ತಾಲ್ಲೂಕಿನ ಮಾಣಿಕಟ್ಟೆಯಲ್ಲಿ ರೈತರು ಒಟ್ಟುಗೂಡಿ ಕಗ್ಗದ ಬೀಜವನ್ನು ಉಳಿಸಿಕೊಂಡಿದ್ದಾರೆ. ಸಾಮೂಹಿಕವಾಗಿ ಬಿತ್ತಿ ಬೆಳೆದಿದ್ದಾರೆ. 2024ರ ಆರಂಭದಲ್ಲಿ ಅಘನಾಶಿನಿಯ ಅಳಿವೆ, ಸುಮಾರು 4,800 ಹೆಕ್ಟೇರು, ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದರಿಂದಲೇ ಒಡ್ಡಿನ ತೂತು ಮುಚ್ಚುವುದಿಲ್ಲ, ನಿಜ. ಆದರೆ ಕಾಯುವವರಿಗೆ ಬಲ ಬಂದಿತು.

ಇನ್ನು ನಿಮ್ಮ ಹಜಾರಕ್ಕೆ ಹಿಂದಿರುಗಿ, ಆ ಮಗುವಿಗೆ ಉತ್ತರ ಹೇಳೋಣ.

ಮೀನು ನಮ್ಮಂತೆ ಬಿಸಿರಕ್ತದ ಪ್ರಾಣಿಯಲ್ಲ. ಮೈಯನ್ನು ಬೆಚ್ಚಗಿಡಲು ಅದು ಅನ್ನವನ್ನು ಖರ್ಚುಮಾಡಬೇಕಾಗಿಲ್ಲ. ಆದ್ದರಿಂದ ಅದಕ್ಕೆ ಬೇಕಾದ ಆಹಾರ ಬಲು ಕಡಿಮೆ. ಚಿನ್ನದ ಮೀನಿನ ಜಾತಿಗಂತೂ ಆಹಾರವನ್ನು ಕೂಡಿಡುವ ಜಠರವೇ ಇಲ್ಲ. ಒಮ್ಮೆಗೆ ಹೆಚ್ಚು ಹಾಕಿ ‘ವಾರಕ್ಕೆ ಸಾಕು’ ಎನ್ನುವುದು ಶರೀರಶಾಸ್ತ್ರಕ್ಕೇ ವಿರುದ್ಧ. ತಿಂದು ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾವನ್ನು ಹಂತಹಂತವಾಗಿ ಅಷ್ಟೇನೂ ಕೆಡುಕಿಲ್ಲದ ನೈಟ್ರೇಟಾಗಿ ಮಾಡುವ ಸೂಕ್ಷ್ಮಜೀವಿಗಳಿವೆ. ರಷ್ಯದ ವಿನೋಗ್ರಾದ್ಸ್ಕಿ 1890ರ ಸುಮಾರಿಗೆ ಅವುಗಳನ್ನು ಬೇರ್ಪಡಿಸಿ ತೋರಿಸಿದ. ಆದರೆ ಆ ಬಡ ಸೇವಕರು ಮಾಡಬಲ್ಲ ಕೆಲಸಕ್ಕೆ ಮಿತಿಯುಂಟು. ಹಿಡಿಗಟ್ಟಲೆ ಆಹಾರ ಸುರಿದರೆ ಅವು ಸೋಲುತ್ತವೆ. ನೀರಿನ ಪ್ರಾಣವಾಯುವೂ ಮುಗಿಯುತ್ತದೆ. ಸಿಗಡಿ ಹೊಂಡದ ತಳ ಕೆಟ್ಟ ಹಾಗೆಯೇ ಹಜಾರದ ತೊಟ್ಟಿಯೂ ಕೆಡುತ್ತದೆ.

ಒಂದು ವಾರದ ಪ್ರವಾಸವಾದರೆ, ಆರೋಗ್ಯವಾಗಿರುವ ಬೆಳೆದ ಮೀನಿಗೆ ಏನನ್ನೂ ಹಾಕುವ ವ್ಯವಸ್ಥೆ ಬೇಡ. ಗಿಡ, ಪಾಚಿ ಇರುವ ಹಳೆಯ ತೊಟ್ಟಿಯಲ್ಲಿ ಬೆಳೆದ ಮೀನುಗಳು ಹತ್ತು-ಹನ್ನೆರಡು ದಿನವನ್ನೂ ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಪುಟ್ಟ ಮರಿಗಳಿದ್ದರೆ ಈ ಮಾತು ಸಲ್ಲದು. ಅವಕ್ಕೆ ನಿತ್ಯ ಆಹಾರ ಬೇಕು. ಹೊರಡುವ ಎರಡು-ಮೂರು ದಿನ ಮೊದಲು ಕಾಲು ಭಾಗ ನೀರನ್ನು ಬದಲಿಸಿ. ಹೊರಡುವ ದಿನ ವಾಡಿಕೆಗಿಂತ ಹೆಚ್ಚು ಹಾಕಬೇಡಿ. ಹೊಸ ಮೀನನ್ನು ಆ ವಾರ ತರಲೇಬೇಡಿ. ತೊಟ್ಟಿಗೆ ಬಿಸಿಲು ನೇರವಾಗಿ ಬೀಳದಿರಲಿ, ಮುಚ್ಚಳವಿರಲಿ. ಗಾಳಿಯ ಯಂತ್ರವನ್ನೂ ಶೋಧಕವನ್ನೂ ಮಾತ್ರ ನಿಲ್ಲಿಸಬೇಡಿ. ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿಹೋಗುವ ಅಭ್ಯಾಸವುಳ್ಳವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಎರಡು ವಾರ ಮೀರುವ ಪ್ರವಾಸವಾದರೆ ನೆರೆಯವರ ಸಹಾಯ ಬೇಕು. ಆದರೆ ಡಬ್ಬಿಯನ್ನು ಕೊಡಬೇಡಿ. ಒಂದೊಂದು ಸಲಕ್ಕೆ ಬೇಕಾದಷ್ಟನ್ನು, ಅಂದರೆ ಎರಡು-ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟನ್ನು, ಕಾಗದದ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು, ಮೂರು ದಿನಕ್ಕೊಂದರಂತೆ ಎಣಿಸಿ ಕೊಡಿ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಅಂಗಡಿಯಲ್ಲಿ ದೊರೆಯುವ ರಜೆಯ ಆಹಾರದ ಗಟ್ಟಿಗಳನ್ನೋ ತಾನೇ ಉಣಿಸುವ ಯಂತ್ರವನ್ನೋ ತರುವುದಾದರೆ, ನೀವು ಮನೆಯಲ್ಲಿರುವಾಗಲೇ ಒಂದು ವಾರ ಪರೀಕ್ಷಿಸಿ ನೋಡಿ. ಮುಖ್ಯವಾಗಿ, ಬಂದು ನೋಡುವವರಿಗೆ “ಮೀನಿಗೆ ಹಾಕಿದಿರಾ?” ಎಂದು ಫೋನಿನಲ್ಲಿ ಕೇಳಬೇಡಿ, “ನೀರು ತಿಳಿಯಾಗಿದೆಯೇ? ಗಾಳಿಯ ಗುಳ್ಳೆ ಏಳುತ್ತಿದೆಯೇ?” ಎಂದು ಕೇಳಿ. ಗಜನಿಯ ರೈತ ಕೇಳುವ ಪ್ರಶ್ನೆಯೂ ಅದೇ: ಒಡ್ಡು ಸರಿಯಿದೆಯೇ, ಬಾಗಿಲು ಸರಿಯಿದೆಯೇ?

ಮಗುವಿಗೆ ಈಗ ಹೇಳಬಹುದು: “ನಾವು ಬರುವ ತನಕ ನೀರೇ ನೋಡಿಕೊಳ್ಳುತ್ತದೆ, ಮಗಾ. ನಾವು ನೀರನ್ನು ಚೆನ್ನಾಗಿಟ್ಟು ಹೋಗೋಣ.” ಇಷ್ಟು ಹೇಳಿ ಬೀಗ ಹಾಕಿ ಹೊರಡಿ. ರೈಲು ಕುಮಟೆಯ ಬಳಿ ಅಘನಾಶಿನಿಯ ಸೇತುವೆಯನ್ನು ದಾಟುವಾಗ ಮಗುವನ್ನು ಎಬ್ಬಿಸಿ, ಕೆಳಗಿನ ಒಡ್ಡು-ಗದ್ದೆಗಳನ್ನು ತೋರಿಸುವುದನ್ನು ಮಾತ್ರ ಮರೆಯಬೇಡಿ.